ಮೂರಡಿ ಪ್ಯಾಸೇಜಿನ ಕನಕಾಂಬರ

ಕಳೆದ ವಾರ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯ ಹತ್ತಿರ ನಮ್ಮ ಬಸ್ಸು ಸ್ವಲ್ಪ ಹೊತ್ತು ನಿಂತುಬಿಟ್ಟಿತು. ಹಬ್ಬ ಮುಗಿದು ಹೂವನ್ನು ಕೇಳುವವರಿರಲಿಲ್ಲ. ಮೋರಿಯ ಪಕ್ಕ ಯಾರೋ ಒಂದು ಟ್ರ್ಯಾಕ್ಟರ್ ತುಂಬ ಸೇವಂತಿಗೆ ಸುರಿದು ಹೋಗಿದ್ದರು. ಅದರ ಮೇಲೆ ಮಳೆ ಬಿದ್ದು, ಆಮೇಲೆ ಬಿಸಿಲೂ ಬಿದ್ದು, ರಾಶಿ ಒಳಗೊಳಗೇ ಬಿಸಿಯಾಗಿ ಕೊಳೆಯತೊಡಗಿತ್ತು. ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಅರ್ಧ ಹೂವಿನದು, ಅರ್ಧ ಹುಳಿ ಹಿಡಿದ ಹಿಟ್ಟಿನದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಮೂಗಿಗೆ ಹಿಡಿದು, "ಅಯ್ಯೋ ಪಾಪ, ಯಾರ ಬೆಳೇನೋ" ಎಂದಳು. ನನಗೆ ಪಾಪ ಅನ್ನಿಸಲಿಲ್ಲ. ಸಿಟ್ಟು ಬಂತು. ಎಸೆದ ಹೂವನ್ನು ಕಂಡರೆ, ಯಾರೇ ಎಸೆದಿರಲಿ, ಯಾಕೇ ಎಸೆದಿರಲಿ, ನನಗೆ ಮೊದಲು ಬರುವುದು ಸಿಟ್ಟು. ಏಳು ವರ್ಷದಿಂದ ಹೀಗೇ ಆಗಿದೆ. ಇದೇ ಊರಿನ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ನಾನೂ ನನ್ನ ತಾಯಿಯೂ ಆಗ ಒಟ್ಟಿಗಿದ್ದ ಎಂಟು ತಿಂಗಳು ಅದಕ್ಕೆ ಕಾರಣ.

ಆಗ ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ವಯಸ್ಸು ಮೂವತ್ತೊಂಬತ್ತು. ಮದುವೆಯಾಗಿರಲಿಲ್ಲ, ಆಗಲಿಲ್ಲವೆಂಬ ಕೊರಗೂ ಇರಲಿಲ್ಲ. ಆ ವರ್ಷ ಮಾಘದಲ್ಲಿ ಅಪ್ಪ ತೀರಿಕೊಂಡರು. ನಮ್ಮೂರು ಗೌರಿಬಿದನೂರು ತಾಲ್ಲೂಕಿನಲ್ಲಿ, ವಿದುರಾಶ್ವತ್ಥಕ್ಕೆ ಹತ್ತಿರ. ತಿಥಿ ಮುಗಿದ ವಾರದಲ್ಲೇ ಅಮ್ಮ ಒಂದು ಬ್ಯಾಗು ಹಿಡಿದು ನನ್ನ ಬಾಗಿಲಿಗೆ ಬಂದಳು. ಅಣ್ಣ ಅತ್ತಿಗೆ ಏನಾದರೂ ಅಂದರೇನೋ ಎಂದು ಹೆದರಿದೆ.

"ಯಾರೂ ಏನೂ ಅಂದಿಲ್ಲ ಕಣೇ ಗಿರಿಜಾ. ಬಂದೋರೆಲ್ಲ ನನ್ನ ಮುಖ ನೋಡಿ ಅಳ್ತಾರೆ. ನಂಗೆ ಅಳು ಮುಗ್ದಿದೆ. ಒಂದು ತಿಂಗಳು ನಿನ್ನ ಹತ್ರ ಇದ್ದು ಹೋಗ್ತೀನಿ" ಎಂದಳು.

ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆಮನೆ. ಬಾಗಿಲಾಚೆ ಮೂರಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಪ್ಯಾಸೇಜು. ಅದಕ್ಕೆ ಪೂರ್ವದ ಕಡೆ ಸೊಂಟದೆತ್ತರದ ಗೋಡೆ, ಅದರ ಮೇಲೆ ಕಬ್ಬಿಣದ ಗ್ರಿಲ್ಲು. ನಾನು ಆ ಜಾಗದಲ್ಲಿ ಚಪ್ಪಲಿ ಬಿಡುತ್ತಿದ್ದೆ, ಖಾಲಿ ಸಿಲಿಂಡರ್ ಇಡುತ್ತಿದ್ದೆ, ಒದ್ದೆ ಕೊಡೆ ನೇತುಹಾಕುತ್ತಿದ್ದೆ. ಮೂರು ವರ್ಷ ಆ ಮನೆಯಲ್ಲಿದ್ದೂ ಅಲ್ಲಿಗೆ ಹನ್ನೊಂದು ಗಂಟೆಯವರೆಗೆ ಬಿಸಿಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಎರಡನೇ ದಿನವೇ ಗೊತ್ತಾಯಿತು.

ಮೂರನೇ ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಚಪ್ಪಲಿಗಳು ಒಳಗೆ ಹೋಗಿದ್ದವು. ಪ್ಯಾಸೇಜಿನಲ್ಲಿ ಮೂರು ಖಾಲಿ ಪೇಂಟ್ ಡಬ್ಬಗಳಿದ್ದವು. ಪಕ್ಕದ ಬೀದಿಯಲ್ಲಿ ಮನೆಗೆ ಬಣ್ಣ ಹೊಡೆಯುತ್ತಿದ್ದವರನ್ನು ಕೇಳಿ ತಂದಿದ್ದಳಂತೆ. ಕಬ್ಬಿಣದ ಕಡ್ಡಿಯನ್ನು ಒಲೆಯ ಮೇಲೆ ಕಾಯಿಸಿ ಡಬ್ಬದ ತಳಕ್ಕೆ ತೂತು ಮಾಡುತ್ತ ಕೂತಿದ್ದಳು. ಇಡೀ ಮನೆ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆಯಿಂದ ತುಂಬಿತ್ತು. ಅಪ್ಪ ಹೋದ ಮೇಲೆ ಅವಳ ಮುಖದಲ್ಲಿ ಏನನ್ನೋ ಮಾಡುವ ಆತುರ ಕಂಡದ್ದು ಅವತ್ತೇ ಮೊದಲು.

ಅಮ್ಮನಿಗೆ ಹೂವು ಹೊಸದಲ್ಲ. ನಮ್ಮ ಹೊಲದಲ್ಲಿ ಇಪ್ಪತ್ತು ವರ್ಷ ಸೇವಂತಿಗೆ, ಚೆಂಡು ಹೂ ಬೆಳೆದಿದ್ದೇವೆ. ಆದರೆ ಅಲ್ಲಿ ಹೂವೆಂದರೆ ಬೆಳೆ. ಬೆಳಕು ಹರಿಯುವ ಮುಂಚೆ ಕಿತ್ತು, ಮೂಟೆ ಕಟ್ಟಿ, ಗಾಡಿಗೆ ಹಾಕಿದರೆ ಮುಗಿಯಿತು. "ಅಷ್ಟು ವರ್ಷ ಹೂ ಕಿತ್ತೆ, ಒಂದು ಹೂವು ಅರಳೋದನ್ನ ಕೂತ್ಕೊಂಡು ನೋಡಿರ್ಲಿಲ್ಲ ಕಣೇ" ಎಂದು ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೇಳಿದಳು. ಅವಳ ಎದುರಿಗೆ ಒಂದು ದಾಸವಾಳ ನಿಧಾನವಾಗಿ ಸುರುಳಿ ಬಿಚ್ಚುತ್ತಿತ್ತು. ಕಾಫಿ ಆರಿಹೋಗಿತ್ತು.

ಯುಗಾದಿಯ ಹೊತ್ತಿಗೆ ಮೂರು ಡಬ್ಬ ಹದಿನಾಲ್ಕಾದವು. ಅಣ್ಣ ಊರಿನಿಂದ ಎರಡು ಅಕ್ಕಿ ಚೀಲದಲ್ಲಿ ಕೆಮ್ಮಣ್ಣು ತಂದುಕೊಟ್ಟ. ಕೆಂಚಾರ್ಲಹಳ್ಳಿಯಿಂದ ಬರುತ್ತಿದ್ದ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಹುಳುವಿನ ಹಿಕ್ಕೆ ಹೂಗಿಡಕ್ಕೆ ಒಳ್ಳೆಯ ಗೊಬ್ಬರವೆಂದು ಅಮ್ಮ ಕೇಳಿದ್ದೇ ತಡ, ಅವರು ವಾರಕ್ಕೊಂದು ಕವರು ತಂದು ನನ್ನ ಮೇಜಿನ ಕೆಳಗೆ ಇಡತೊಡಗಿದರು. ಬೀಜಗಣಿತದ ನೋಟ್ಸಿನ ಪಕ್ಕ ಆ ಕವರು ಹೊತ್ತು ನಾನು ಮನೆಗೆ ಬರುತ್ತಿದ್ದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಯಾವುದೂ ಮೋರಿಗೆ ಹೋಗುತ್ತಿರಲಿಲ್ಲ. ನಲ್ಲಿ ನೀರು ಬಾರದ ವಾರ ತಾನು ಮುಖ ತೊಳೆದ ನೀರನ್ನೂ ಬಟ್ಟಲಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದಳು.

ದುಂಡುಮಲ್ಲಿಗೆ, ಸ್ಫಟಿಕ, ಕೆಂಪು ದಾಸವಾಳ, ಗ್ರಿಲ್ಲಿಗೆ ಹಬ್ಬಿದ ಶಂಖಪುಷ್ಪ, ಒಂದು ಒಡೆದ ಬಕೆಟ್ಟಿನಲ್ಲಿ ಮರುಗ, ಎಣ್ಣೆ ಟಿನ್ನಿನಲ್ಲಿ ಪುಟ್ಟ ಗುಲಾಬಿ. ಎಲ್ಲಕ್ಕಿಂತ ಹೆಚ್ಚು ಕನಕಾಂಬರ. ಆರು ಡಬ್ಬ ಕನಕಾಂಬರ. ನಡೆದಾಡಲು ಉಳಿದದ್ದು ಒಂದೂವರೆ ಅಡಿ. ನಾವಿಬ್ಬರೂ ಅಡ್ಡಡ್ಡಲಾಗಿ ನಡೆಯುವುದನ್ನು ಕಲಿತೆವು. ಬಿಳಿ ಹಿಟ್ಟು ತಿಗಣೆ ಹತ್ತಿದರೆ ಅಮ್ಮ ನನ್ನ ಹಳೇ ಹಲ್ಲುಜ್ಜುವ ಬ್ರಶ್ಶನ್ನು ಸೋಪಿನ ನೀರಿನಲ್ಲಿ ಅದ್ದಿ, ಮಗುವಿಗೆ ಸ್ನಾನ ಮಾಡಿಸುವ ಹಾಗೆ ಒಂದೊಂದೇ ಎಲೆ ಉಜ್ಜುತ್ತಿದ್ದಳು. ಭಾನುವಾರ ನನ್ನನ್ನು ಕರೆದು ಕನಕಾಂಬರದ ಒಣಗಿದ ತೆನೆಯ ಮೇಲೆ ಎರಡು ಹನಿ ನೀರು ಬಿಟ್ಟು, "ಈಗ ಕೇಳು" ಅನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಟಪ್ ಟಪ್ ಎಂದು ಕಾಯಿ ಸಿಡಿದು ಬೀಜ ಗೋಡೆಗೆ ಬಡಿಯುತ್ತಿತ್ತು. ಅವಳು ಚಪ್ಪಾಳೆ ತಟ್ಟಿ ನಗುತ್ತಿದ್ದಳು. ಅರವತ್ತಾರು ವರ್ಷದ ಹೆಂಗಸು. ಒಂದು ತಿಂಗಳು ಎಂದು ಬಂದವಳು ಊರಿನ ಮಾತೇ ಎತ್ತಲಿಲ್ಲ.

ಕೆಳಗಿನ ಮನೆಯಲ್ಲಿ ಓನರ್ ಇದ್ದರು. ಯಜಮಾನರು ಅಂಗಡಿಯಲ್ಲೇ ಇರುತ್ತಿದ್ದುದರಿಂದ ಮನೆಯ ಆಡಳಿತವೆಲ್ಲ ಅವರ ಹೆಂಡತಿ ವಿಮಲಮ್ಮನದು. ಮಗಳು ರಶ್ಮಿ ಐದು ತಿಂಗಳ ಬಸುರಿ. ಡಾಕ್ಟರು ವಿಶ್ರಾಂತಿ ಹೇಳಿದ್ದರಿಂದ ಗಂಡನ ಮನೆಯಿಂದ ಬೇಗನೇ ತವರಿಗೆ ಬಂದಿದ್ದಳು. ಆ ಹುಡುಗಿಗೆ ಮೆಟ್ಟಿಲು ಹತ್ತಬೇಡ ಎಂದು ಹೇಳಿದ್ದರೂ ಸಂಜೆಯಾದರೆ ಮೇಲಿನ ಮೆಟ್ಟಿಲಿನಲ್ಲಿ ಬಂದು ಕೂರುತ್ತಿದ್ದಳು. ಅಮ್ಮ ಹೂ ಕಟ್ಟುತ್ತಿದ್ದಳು, ಅವಳು ಬೆರಳಿಗೆ ದಾರ ಸುತ್ತಿಕೊಂಡು ಕಲಿಯುತ್ತಿದ್ದಳು.

"ಅಜ್ಜಿ, ನಂದು ಬಿಚ್ಕೊಂಡ್ಬಿಡ್ತು."

"ಬಿಗಿಯಾಗಿ ಎಳೀಬೇಡಮ್ಮ. ಹೂವಿಗೂ ಕುತ್ತಿಗೆ ಇರುತ್ತೆ."

ಜ್ಯೇಷ್ಠದಲ್ಲಿ ಒಂದೆರಡು ಒಳ್ಳೆಯ ಮಳೆ ಬಿದ್ದವು. ಗಿಡಗಳೆಲ್ಲ ಒಮ್ಮೆಲೇ ಹೂ ಬಿಟ್ಟವು. ಮೂರಡಿ ಜಾಗ ಅಷ್ಟು ಹೂ ಕೊಡುತ್ತದೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಅಮ್ಮ ಮುಂಜಾನೆ ಎದ್ದು ಹೂ ಬಿಡಿಸಿ, ಒಂದು ಸ್ಟೀಲ್ ಬಟ್ಟಲಿಗೆ ತುಂಬಿ, ಕೆಳಗೆ ಹೋಗಿ ವಿಮಲಮ್ಮನ ಕಿಟಕಿಯಲ್ಲಿ ಇಟ್ಟು ಬರುತ್ತಿದ್ದಳು. ಸಂಜೆ ಬಟ್ಟಲು ಖಾಲಿಯಾಗಿ ವಾಪಸು ಬರುತ್ತಿತ್ತು. ಆ ಖಾಲಿ ಬಟ್ಟಲನ್ನು ನೋಡುವುದೇ ಅವಳಿಗೆ ಒಂದು ಸುಖ. ವಿಮಲಮ್ಮ ನನ್ನನ್ನು ಗೇಟಿನಲ್ಲಿ ಕಂಡಾಗಲೆಲ್ಲ, "ಎಂತ ಬಾಗುಂದಿ ಮೇಡಂ ನಿಮ್ಮ ಹೂವು! ಎಷ್ಟು ಚೆನ್ನಾಗಿದೆ! ನಮ್ಮ ದೇವರ ಮನೆ ತುಂಬೋಗುತ್ತೆ" ಎಂದು ಕನ್ನಡ ತೆಲುಗು ಬೆರೆಸಿ ಹೊಗಳುತ್ತಿದ್ದರು.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದೆ. ವಿಮಲಮ್ಮ ಗೇಟಿನ ಹತ್ತಿರ ಕಾಯುತ್ತಿದ್ದರು. ಧ್ವನಿ ತಗ್ಗಿಸಿದರು.

"ಮೇಡಂ, ಏನೂ ತಿಳ್ಕೋಬೇಡಿ. ಹೂವು ನೀವು ಕಿತ್ತು ಇಡ್ತಿದೀರಾ ಅಂದ್ಕೊಂಡಿದ್ದೆ. ಇವತ್ತು ನೋಡಿದೆ, ಅಮ್ಮ ಇಡ್ತಿದ್ರು. ದೇವರಿಗೆ ಏರಿಸೋದಲ್ವಾ? ಮನೇಲಿ ಬೇರೆ ಬಸುರಿ ಹುಡುಗಿ ಇದಾಳೆ. ಇನ್ಮೇಲೆ ನೀವೇ ಕಿತ್ತು ತಂದ್ಕೊಡ್ತೀರಾ?"

ನಾನು ಏನು ಹೇಳಬೇಕಿತ್ತೆಂದು ಏಳು ವರ್ಷದಲ್ಲಿ ನೂರು ರೀತಿ ಯೋಚಿಸಿದ್ದೇನೆ. ಬಸ್ಸಿನಲ್ಲಿ, ಪರೀಕ್ಷೆಯ ಕೊಠಡಿಯಲ್ಲಿ, ಸ್ನಾನ ಮಾಡುವಾಗ, ಒಂದಕ್ಕಿಂತ ಒಂದು ಖಾರದ ಉತ್ತರಗಳು ಹೊಳೆದಿವೆ. ಅವತ್ತು ಹೇಳಿದ್ದು ಒಂದೇ ಮಾತು. "ಆಯ್ತು."

ಯಾಕೆ ಹಾಗೆಂದೆ? ಶಾಲೆಗೆ ತಡವಾಗಿತ್ತು. ಮನೆ ಒಳ್ಳೆಯದಿತ್ತು. ಅವರು ನಗುತ್ತ ಕೇಳಿದ್ದರು. ಬೈದಿದ್ದರೆ ನಾನೂ ಬೈಯುತ್ತಿದ್ದೆನೇನೋ. ಸಂಜೆ ಮನೆಗೆ ಬಂದು ಅಮ್ಮನಿಗೆ ಒಂದು ಸುಳ್ಳು ಹೇಳಿದೆ. "ಬೆಳಿಗ್ಗೆ ಬೆಳಿಗ್ಗೆ ಆ ಮೆಟ್ಟಿಲು ಹತ್ತಿ ಇಳೀಬೇಡಮ್ಮ. ಪಾಚಿ ಕಟ್ಟಿದೆ, ನಿನ್ನ ಮೊಣಕಾಲಿಗೆ ಆಗಲ್ಲ. ನಾನೇ ಬಿಡಿಸಿ ಕೊಟ್ಟು ಹೋಗ್ತೀನಿ."

ಅಮ್ಮ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಸರಿ" ಎಂದಳು. ಮಾರನೆಯ ದಿನದಿಂದ ನಾನು ಹೂ ಬಿಡಿಸಿದೆ. ಅವಳು ಬಾಗಿಲಲ್ಲಿ ನಿಂತು, "ಆ ಮೊಗ್ಗು ಬಿಡು, ನಾಳೆಗಾಗುತ್ತೆ. ಕೊಂಬೆ ಹಿಡ್ಕೊಂಡು ಕೀಳು, ಗಿಡ ಅಲ್ಲಾಡುತ್ತೆ" ಎಂದು ಹೇಳಿಕೊಡುತ್ತಿದ್ದಳು. ತಾನು ನೀರೆರೆದ ಗಿಡವನ್ನು ಹಾಗೆ ದೂರ ನಿಂತು ನೋಡುತ್ತಿದ್ದಳು. ನಾನು ಬಟ್ಟಲು ಹಿಡಿದು ಕೆಳಗೆ ಹೋಗಿ, ವಿಮಲಮ್ಮನ ಕೈಗೆ ಕೊಟ್ಟು, ಅವರ ನಗುವನ್ನೂ ತೆಗೆದುಕೊಂಡು ಶಾಲೆಗೆ ಹೋಗುತ್ತಿದ್ದೆ. ಒಂದೂವರೆ ತಿಂಗಳು ಹೀಗೇ ಮಾಡಿದೆ.

ಶ್ರಾವಣದಲ್ಲಿ ರಶ್ಮಿಗೆ ಸೀಮಂತ ಇಟ್ಟರು. ಅವಳು ಮೆಟ್ಟಿಲು ಹತ್ತಿ ಬಂದು, ಅಮ್ಮನ ಪಕ್ಕ ಕೂತು ಕೇಳಿದಳು. "ಅಜ್ಜಿ, ನನ್ನ ಜಡೆಗೆ ದಂಡೆ ನೀವೇ ಕಟ್ಕೊಡ್ಬೇಕು. ಕನಕಾಂಬರದ್ದು. ಮಧ್ಯ ಮಧ್ಯ ಮರುಗ ಹಾಕಿ. ಮಾರ್ಕೆಟ್ಟಿಂದು ನಂಗೆ ಬೇಡ."

ಅಮ್ಮ ನಾಲ್ಕು ದಿನ ಒಂದು ಹೂವನ್ನೂ ಕೀಳಲು ಬಿಡಲಿಲ್ಲ. ಸೀಮಂತದ ಹಿಂದಿನ ದಿನ ಮಧ್ಯಾಹ್ನ ಕಟ್ಟಲು ಕೂತಳು. ನಾನು ಎದುರಿಗೆ ಕೂತು ಮರುಗ ಆರಿಸಿಕೊಟ್ಟೆ. ಒಂದೇ ಅಳತೆಯ ಹೂಗಳನ್ನು ಬಾಳೆನಾರಿನಲ್ಲಿ ಎಷ್ಟು ಒತ್ತಾಗಿ ಕಟ್ಟಿದಳೆಂದರೆ ನಾರು ಎಲ್ಲೂ ಕಾಣುತ್ತಿರಲಿಲ್ಲ. ಕಟ್ಟುತ್ತ ಕಟ್ಟುತ್ತ ಏನೋ ಗುನುಗುತ್ತಿದ್ದಳು. ಮುಗಿದ ಮೇಲೆ ಒದ್ದೆ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಸುರುಳಿ ಸುತ್ತಿ ಇಟ್ಟು, ಮೇಲೆ ಬಾಳೆ ಎಲೆ ಮುಚ್ಚಿದಳು.

ಅವತ್ತು ಸಂಜೆ ಸೀಮಂತಕ್ಕೆ ಕರೆಯಲು ಬಂದ ವಿಮಲಮ್ಮ ನನ್ನ ಹಣೆಗೆ ಕುಂಕುಮವಿಟ್ಟರು. ಅಮ್ಮನ ಕಡೆ ತಿರುಗಿ, "ಅಮ್ಮ, ನಿಮಗೆ ಊಟ ಮೇಲಕ್ಕೇ ಕಳಿಸ್ತೀನಿ, ಶ್ರಮ ಪಡ್ಕೋಬೇಡಿ" ಎಂದರು. ಅಮ್ಮ ತಲೆಯಾಡಿಸಿದಳು. ನಾನು ಅದನ್ನೂ ನುಂಗಿದೆ. ಮಾರನೆಯ ಬೆಳಿಗ್ಗೆ ಬುಟ್ಟಿ ನಾನೇ ಒಯ್ದುಕೊಟ್ಟೆ. ವಿಮಲಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು.

ಹತ್ತು ಗಂಟೆಗೆ ಮತ್ತೆ ಕೆಳಗೆ ಹೋದೆ. ಹಸಿರು ಸೀರೆಯುಟ್ಟು ಕೂತಿದ್ದ ರಶ್ಮಿಯ ಜಡೆಯಲ್ಲಿ ಬೇರೆ ದಂಡೆಯಿತ್ತು. ಜರಿ ದಾರ ಸುತ್ತಿದ ಮಾರುಕಟ್ಟೆಯ ದಂಡೆ. ಅವಳು ನನ್ನ ಕೈ ಹಿಡಿದು, "ಆಂಟಿ, ಅಜ್ಜಿ ಕಟ್ಟಿದ್ದು ಬಾಡಿಹೋಗಿತ್ತಂತೆ. ನಂಗೆ ಎಷ್ಟು ಬೇಜಾರಾಯ್ತು ಗೊತ್ತಾ?" ಎಂದಳು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ನಲ್ಲಿಯ ಪಕ್ಕದ ಬಕೆಟ್ಟಿನಲ್ಲಿ ಬಾಳೆಹಣ್ಣಿನ ಸಿಪ್ಪೆ, ಕಾಫಿ ಚರಟದ ನಡುವೆ ಅಮ್ಮನ ದಂಡೆ ಬಿದ್ದಿತ್ತು. ಒಂದು ಹೂವೂ ಬಾಡಿರಲಿಲ್ಲ. ಸುರುಳಿಯನ್ನು ಬಿಚ್ಚಿಯೂ ನೋಡಿರಲಿಲ್ಲ.

ಅದನ್ನು ಎತ್ತಿಕೊಂಡು ನೇರ ನಡುಮನೆಗೆ ನಡೆದೆ. ಚರಟದ ನೀರು ನನ್ನ ಸೀರೆಯ ಮೇಲೆ, ಅವರ ಜಮಖಾನದ ಮೇಲೆ ತೊಟ್ಟಿಕ್ಕುತ್ತಿತ್ತು. ಆರತಿ ತಟ್ಟೆ ಹಿಡಿದಿದ್ದ ಹೆಂಗಸರೆಲ್ಲ ಸರಿದು ನಿಂತರು.

"ಇದು ಬಾಡಿದೆಯಾ ವಿಮಲಮ್ಮ? ಎಲ್ಲರಿಗೂ ತೋರಿಸಿ, ಎಲ್ಲಿ ಬಾಡಿದೆ?"

ವಿಮಲಮ್ಮ ಒಂದು ಕ್ಷಣ ಬೆಚ್ಚಿದರು. ಆಮೇಲೆ ಅವರ ಮುಖದಲ್ಲಿ ನಗುವಿರಲಿಲ್ಲ. "ಶುಭ ಕಾರ್ಯದಲ್ಲಿ ಕೂಗಾಡ್ಬೇಡಿ ಮೇಡಂ. ನನ್ನ ಮಗಳು, ಮೊದಲನೇ ಬಸುರಿ. ಆ ಕೈಯಿಂದ ಕಟ್ಟಿದ್ದನ್ನ ನಾನು ಹೆಂಗೆ ಮುಡಿಸ್ಲಿ? ನಿಮಗೇನು ಹೊಸದಾ ಇದು? ಒಂದು ಮಾತು ಹೇಳಿದ್ದಕ್ಕೆ ಇಷ್ಟು ದಿನದಿಂದ ಅಮ್ಮನ್ನ ತಡೆದು ನೀವೇ ಕಿತ್ತು ತರ್ತಾ ಇದ್ರಲ್ಲ. ನಿಮಗೂ ಸರಿ ಅನ್ನಿಸಿದ್ದಕ್ಕೇ ಅಲ್ವಾ?"

ನಾನು ರಶ್ಮಿಯ ಕಡೆ ತಿರುಗಿದೆ. ರಶ್ಮಿ ತಲೆ ತಗ್ಗಿಸಿದಳು. ಅವಳು ತನ್ನ ಜಡೆಯ ದಂಡೆಯನ್ನು ಕಿತ್ತೆಸೆಯುತ್ತಾಳೆಂದು ನಾನು ಯಾಕೆ ನಿರೀಕ್ಷಿಸಿದೆನೋ ಗೊತ್ತಿಲ್ಲ. ಅವಳು ಹಾಗೇನೂ ಮಾಡಲಿಲ್ಲ. ತಿರುಗಿ ಬಾಗಿಲಿಗೆ ಬಂದರೆ, ಮೆಟ್ಟಿಲ ಕೊನೆಯಲ್ಲಿ ಅಮ್ಮ ನಿಂತಿದ್ದಳು. ನನ್ನ ಕೂಗು ಕೇಳಿ ಇಳಿದು ಬಂದಿದ್ದಳು. ಪಾಚಿ ಕಟ್ಟಿದ ಮೆಟ್ಟಿಲುಗಳನ್ನು ಒಂದು ಕೈಯನ್ನೂ ಗೋಡೆಗೆ ಊರದೆ ನನ್ನ ಮುಂದೆ ಹತ್ತಿ ಹೋದಳು.

ಮೇಲೆ ಹೋದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ. ಅಮ್ಮ ಏನನ್ನೂ ಕೇಳುವ ಮುಂಚೆ ನಾನೇ ಕೂಗಾಡಿದೆ. ಪ್ಯಾಸೇಜಿಗೆ ನುಗ್ಗಿ, ಉಳಿದಿದ್ದ ಕನಕಾಂಬರವನ್ನೆಲ್ಲ ಎರಡೂ ಕೈಯಲ್ಲಿ ತರಿದೆ. ಒಂದು ಗಿಡ ಬುಡಸಮೇತ ವಾಲಿತು. "ಬಾ ಇಲ್ಲಿ, ಕೂತ್ಕೋ. ಇದನ್ನ ಮುಡ್ಕೊಂಡು ನೀನು ಈಗಲೇ ಕೆಳಗೆ ಬರ್ತೀಯ. ನಾನು ಕರ್ಕೊಂಡು ಹೋಗ್ತೀನಿ. ಅವರೆಲ್ಲ ನೋಡ್ಲಿ" ಎಂದು ಅವಳ ತುರುಬಿಗೆ ಕೈ ಹಾಕಿದೆ.

ಅಮ್ಮ ನನ್ನ ಕೈಯನ್ನು ಒದರಿದಳು. ಅಷ್ಟು ಜೋರಾಗಿ ಅವಳು ನನ್ನನ್ನು ಮುಟ್ಟಿದ್ದು ಜೀವನದಲ್ಲಿ ಅದೊಂದೇ ಸಲ.

"ನಿನ್ನ ಸಿಟ್ಟಿಗೆ ನನ್ನ ತಲೆ ಬೇಕೇನೇ?"

ನಾನು ಹಿಡಿದಿದ್ದ ಹೂಗಳು ನೆಲಕ್ಕೆ ಉದುರಿದವು.

"ನಂಗೆ ಹೂ ಮುಡಿಯೋ ಆಸೆ ಯಾವತ್ತೂ ಇರ್ಲಿಲ್ಲ. ಮುಡಿದ್ರೆ ತಲೆನೋವು ಬರ್ತಿತ್ತು. ನಿಮ್ಮಪ್ಪ ಇದ್ದಾಗ್ಲೂ ಹಬ್ಬಕ್ಕೊಂದು ದಿನ ಮುಡ್ಕೊಂಡು ಮಧ್ಯಾಹ್ನಕ್ಕೆ ತೆಗೆದಿಡ್ತಿದ್ದೆ. ನೀನು ಯಾವತ್ತಾದ್ರೂ ಕೇಳಿದ್ಯಾ? ನಂಗೆ ಬೆಳೆಸೋದು ಇಷ್ಟ. ಬೆಳೆಸಿದ್ದನ್ನ ನಾಲ್ಕು ಜನಕ್ಕೆ ಕೊಡೋದು ಇಷ್ಟ. ಅಷ್ಟೇ. ಅದನ್ನೂ ಬಿಡ್ಲಿಲ್ಲ ನೀವು."

"ನಾನೇನು ಮಾಡಿದೆ? ಅವರು..."

"ನನ್ನ ಮೊಣಕಾಲಿಗೆ ಏನಾಗಿತ್ತು ಗಿರಿಜಾ?"

ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಒಂದೂವರೆ ತಿಂಗಳು ಬಾಗಿಲಲ್ಲಿ ನಿಂತು, ಕೊಂಬೆ ಹಿಡಿದು ಕೀಳು ಎನ್ನುತ್ತ, ನಾನಾಗಿಯೇ ಹೇಳುತ್ತೇನೇನೋ ಎಂದು ಕಾದಿದ್ದಳು. ನಾನು ಹೇಳಿರಲಿಲ್ಲ. ಅವಳು ಬಗ್ಗಿ ವಾಲಿದ ಗಿಡವನ್ನು ನೆಟ್ಟಗೆ ನಿಲ್ಲಿಸಿ, ಮಣ್ಣು ಒತ್ತಿ, ನಾನು ತರಿದ ಹೂಗಳನ್ನು ಒಂದೊಂದಾಗಿ ಆರಿಸಿಕೊಂಡಳು. ಕೆಳಗಿನಿಂದ ಬಂದ ಊಟವನ್ನು ಹಾಗೇ ವಾಪಸು ಕಳಿಸಿದಳು.

ಎರಡು ದಿನ ಕಳೆದವು. ಮೂರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಮನೆಯಲ್ಲಿರಲಿಲ್ಲ. ಗಿಡಗಳಲ್ಲಿ ಒಂದು ಹೂವೂ ಇರಲಿಲ್ಲ. ಗಾಬರಿಯಾಗಿ ಬೀದಿಗೆ ಓಡಿದೆ. ಮುಖ್ಯ ರಸ್ತೆ ಸೇರುವ ಮೂಲೆಯಲ್ಲಿ ಗಾರ್ಮೆಂಟ್ಸ್ ಬಸ್ಸಿಗೆ ಕಾಯುವ ಹೆಂಗಸರ ಗುಂಪಿತ್ತು. ಕೈಯಲ್ಲಿ ಊಟದ ಡಬ್ಬಿ, ಕೊರಳಲ್ಲಿ ಗುರುತಿನ ಚೀಟಿ. ನಡುವೆ ಅಮ್ಮ ಬುಟ್ಟಿ ಹಿಡಿದು ನಿಂತು, ಗೇಣುದ್ದ ಕತ್ತರಿಸಿದ ಮಾಲೆಗಳನ್ನು ಒಬ್ಬೊಬ್ಬರಿಗೇ ಕೊಡುತ್ತಿದ್ದಳು.

"ಯಾವ ದೇವರ ಹರಕೆ ಅಮ್ಮ?" ಎಂದು ಒಬ್ಬಳು ಕೇಳಿದಳು.

"ಹರಕೆ ಏನಿಲ್ಲಮ್ಮ. ನಾನೇ ಬೆಳೆಸಿದ್ದು. ಮನೇಲಿ ಜಾಸ್ತಿಯಾಗಿದೆ."

ಅವರು ಡಬ್ಬಿಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಒಬ್ಬರಿಗೊಬ್ಬರು ಮುಡಿಸಿಕೊಂಡರು. ಹಿಂದೆ ನಿಂತಿದ್ದ ಒಬ್ಬ ಹುಡುಗಿ ಕೈ ಚಾಚಲಿಲ್ಲ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಅಮ್ಮ ಅವಳ ಮುಂದೆ ಮಾಲೆ ಹಿಡಿದಳು.

"ಬೇಡ ಅಜ್ಜಿ" ಎಂದು ಅವಳು ಹಿಂದೆ ಸರಿದಳು. ಆಮೇಲೆ ಮೆಲ್ಲಗೆ, "ನಂಗೆ ಗಂಡ ಇಲ್ಲ" ಎಂದಳು.

"ನಾನು ಕೇಳಿದ್ನಾ?" ಎಂದಳು ಅಮ್ಮ.

ಹುಡುಗಿ ಅವಳ ಮುಖವನ್ನೇ ನೋಡಿದಳು. ಬರಿಗೊರಳು, ಬರಿಹಣೆಯ ಅಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬಸ್ಸು ಬಂದು ಹಾರ್ನ್ ಹೊಡೆಯಿತು. ಅವಳು ಮಾಲೆಯನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು ಹತ್ತಿಬಿಟ್ಟಳು. ಮುಡಿದಳೋ, ಬ್ಯಾಗಿಗೆ ಹಾಕಿದಳೋ ಕಾಣಲಿಲ್ಲ. ಮಾರನೆಯ ದಿನ ಅವಳೇ ಎಲ್ಲರಿಗಿಂತ ಮುಂದೆ ನಿಂತಿದ್ದಳು.

ಭಾದ್ರಪದದಲ್ಲಿ ವಿಮಲಮ್ಮ ಮನೆ ಬಿಡಲು ಹೇಳಿಕಳಿಸಿದರು. ಕುಂಡದ ನೀರಿನಿಂದ ಗೋಡೆ ತೇವ ಹಿಡಿಯುತ್ತಿದೆಯೆಂಬ ಕಾರಣ. ಗೋಡೆಯಲ್ಲಿ ಎಲ್ಲೂ ತೇವವಿರಲಿಲ್ಲ. ನಾನು ಜಗಳಕ್ಕೆ ನಿಂತೆ. ಅಮ್ಮ, "ಆ ಮನೆಗೆ ನನ್ನ ಹೂವಿನ ಯೋಗ್ಯತೆ ಇಲ್ಲ, ನಡಿ" ಎಂದು ಡಬ್ಬಗಳಿಗೆ ಹಗ್ಗ ಕಟ್ಟತೊಡಗಿದಳು. ದಸರಾ ರಜೆಯಲ್ಲಿ ಶಿಡ್ಲಘಟ್ಟಕ್ಕೆ ಮನೆ ಬದಲಾಯಿಸಿದೆವು. ನಾನು ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡಿದೆ, ಆಮೇಲೆ ವರ್ಗವೂ ಆಯಿತು. ಟೆಂಪೋ ಹೊರಡುವಾಗ ತುಂಬು ಬಸುರಿ ರಶ್ಮಿ ಕಿಟಕಿಯ ಹಿಂದೆ ನಿಂತಿದ್ದಳು. ಸೀಮಂತದ ದಿನದಿಂದ ಅವಳು ಮೆಟ್ಟಿಲ ಕಡೆ ಬಂದಿರಲಿಲ್ಲ. ನಾನು ಮುಖ ತಿರುಗಿಸಿದೆ. ಅಮ್ಮ ಅವಳಿಗೆ ಕೈಯೆತ್ತಿದಳು.

"ಯಾಕೆ ಅವಳಿಗೆ ಕೈ ಬೀಸ್ತೀಯ?" ಎಂದೆ.

"ಬೈಬೇಡ. ಆ ಮನೇಲಿ ಅವಳೂ ಬಾಡಿಗೆಗೆ ಇರೋಳೇ" ಎಂದಳು.

ಅವಳಿಗೆ ಅಷ್ಟು ದೊಡ್ಡ ಮನಸ್ಸಿದೆ. ನನಗಿಲ್ಲ. ವಿಮಲಮ್ಮನನ್ನು ಇವತ್ತು ದಾರಿಯಲ್ಲಿ ಕಂಡರೂ ನಾನು ಮಾತಾಡಿಸುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ, ಅವರ ಮೇಲಿನ ಸಿಟ್ಟು ವರ್ಷಗಳು ಕಳೆದ ಹಾಗೆ ಸವೆದಿದೆ. ಗೇಟಿನ ಹತ್ತಿರ "ಆಯ್ತು" ಎಂದು ತಲೆಯಾಡಿಸಿ, ತಡವಾಗುತ್ತದೆಂದು ಬೇಗ ಬೇಗ ನಡೆದುಹೋದ ಆ ಹೆಂಗಸಿನ ಮೇಲಿನದು ಮಾತ್ರ ಒಂದು ಚೂರೂ ಸವೆದಿಲ್ಲ.

ಅಮ್ಮನಿಗೆ ಈಗ ಎಪ್ಪತ್ಮೂರು. ಶಿಡ್ಲಘಟ್ಟದ ಮನೆಯಲ್ಲಿ ನಾಲ್ಕಡಿ ಬಾಲ್ಕನಿಯಿದೆ. ಬೆಳಿಗ್ಗೆ ರೇಷ್ಮೆ ನೂಲು ತೆಗೆಯಲು ಹೋಗುವ ಹೆಂಗಸರು ನಮ್ಮ ಬಾಗಿಲಲ್ಲಿ ನಿಂತು, "ಅಜ್ಜೀ, ಹೂವು" ಎಂದು ಕೂಗುತ್ತಾರೆ. ಅವಳು ನನ್ನ ಜೊತೆ ಮಾತಾಡುತ್ತಾಳೆ, ನಗುತ್ತಾಳೆ, ನನಗೆ ಇಷ್ಟವೆಂದು ಹುರುಳಿ ಸಾರು ಮಾಡುತ್ತಾಳೆ, ಜ್ವರ ಬಂದರೆ ಪಕ್ಕದಲ್ಲೇ ಕೂರುತ್ತಾಳೆ. ಗಿಡಕ್ಕೆ ನೀರು ಹಾಕಲು ಬಿಡುತ್ತಾಳೆ, ಮಣ್ಣು ಕೆದಕಲು ಬಿಡುತ್ತಾಳೆ. ಎಷ್ಟೋ ಸಲ, ನಾನು ಅತ್ತ ಕಡೆಯೇ ಹೋಗುತ್ತಿದ್ದೇನೆ, ಕೊಟ್ಟು ಬರುತ್ತೇನೆ ಎಂದು ಕೈ ಚಾಚಿದ್ದೇನೆ. ಸೀಮಂತದ ಆ ದಿನದಿಂದ ಈ ದಿನದವರೆಗೆ, ಯಾರಿಗಾದರೂ ಕೊಡು ಎಂದು ಒಂದೇ ಒಂದು ಹೂವನ್ನೂ ಅವಳು ನನ್ನ ಕೈಗೆ ಕೊಟ್ಟಿಲ್ಲ.